ಕೂಗಿಗೆ ಎಷ್ಟು ಅಂಕ?

ರೆಕಾರ್ಡು ವಿಮರ್ಶೆಯ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಪ್ರಸಂಗ ನಡೆದದ್ದು 1969ರಲ್ಲಿ, ಲಂಡನ್ನಿನಲ್ಲಿ. ಜಾನ್ ಲೆನನ್ ಮತ್ತು ಯೋಕೊ ಓನೊ ತಮ್ಮ ಮದುವೆಯ ನೆನಪಿಗೆ 'ವೆಡ್ಡಿಂಗ್ ಆಲ್ಬಮ್' ಎಂಬುದೊಂದನ್ನು ಹೊರತಂದಿದ್ದರು. ಮೆಲೊಡಿ ಮೇಕರ್ ಪತ್ರಿಕೆಯ ರಿಚರ್ಡ್ ವಿಲಿಯಮ್ಸ್ ಅವರ ಕೈಗೆ ಬಂದದ್ದು ಅಂಗಡಿಗೆ ಹೋಗುವ ಪ್ರತಿಯಲ್ಲ, ಕಾರ್ಖಾನೆಯ ಪರೀಕ್ಷಾ ಪ್ರತಿ. ಎರಡು ತಟ್ಟೆ, ಒಂದೊಂದರಲ್ಲೂ ಒಂದು ಬದಿಗೆ ಮಾತ್ರ ಧ್ವನಿಮುದ್ರಣ. ಇನ್ನೊಂದು ಬದಿಯಲ್ಲಿ ಎಂಜಿನಿಯರುಗಳು ಯಂತ್ರ ಪರೀಕ್ಷಿಸಲು ಹಾಕುವ ಒಂದೇ ಸಮನೆಯ 'ಕುಂಯ್' ಸದ್ದು. ವಿಲಿಯಮ್ಸ್ ಇದು ನಾಲ್ಕು ಬದಿಯ ಆಲ್ಬಮ್ ಎಂದುಕೊಂಡು ನಾಲ್ಕನ್ನೂ ಶ್ರದ್ಧೆಯಿಂದ ಕೇಳಿದರು. ಆ ಕುಂಯ್‌ಗುಟ್ಟುವಿಕೆಯಲ್ಲಿ ಸೂಕ್ಷ್ಮವಾದ ಏರಿಳಿತಗಳಿವೆ ಎಂದೂ ಬರೆದರು. ಲೆನನ್ ದಂಪತಿ ಕೋಪಿಸಿಕೊಳ್ಳಲಿಲ್ಲ. ಖುಷಿಪಟ್ಟು ಒಂದು ಟೆಲಿಗ್ರಾಂ ಕಳಿಸಿದರು.

ಇದನ್ನು ಕೇಳಿದವರೆಲ್ಲ ವಿಮರ್ಶಕರ ಇಡೀ ಕುಲವನ್ನೇ ನೆನೆದು ನಗುತ್ತಾರೆ. ನನಗೋ, ಕೇಳಿದಷ್ಟೂ ವಿಲಿಯಮ್ಸ್ ಮೇಲೆ ಗೌರವವೇ ಹೆಚ್ಚುತ್ತದೆ. ಬೆನ್ನುಡಿ ಓದಿ ಕಾದಂಬರಿಯ ವಿಮರ್ಶೆ ಬರೆಯುವವರನ್ನು ಕಂಡಿರುವ ನಾವು, ಎರಡು ಬದಿ ಪೂರಾ ಕುಂಯ್ ಎನ್ನುವುದನ್ನು ಕೊನೆಯವರೆಗೂ ಕೂತು ಕೇಳಿದ ಪುಣ್ಯಾತ್ಮನನ್ನು ಹಗುರಾಗಿ ಕಾಣಬಾರದು. ಬಿಬಿಸಿಯ ಜಾನ್ ಪೀಲ್ ಕೂಡ ಇದೇ ಪಂಕ್ತಿಯವರು. 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಯಾರೂ ಕೇಳರಿಯದ ತಂಡಗಳ ರೆಕಾರ್ಡುಗಳನ್ನು ರೇಡಿಯೊದಲ್ಲಿ ಹಾಕುತ್ತಲೇ ಇದ್ದರು. ಆಗೊಮ್ಮೆ ಈಗೊಮ್ಮೆ ತಪ್ಪು ವೇಗದಲ್ಲೂ ಹಾಕಿಬಿಡುತ್ತಿದ್ದರು. ಕೇಳುಗರು ಅದಕ್ಕೂ ಒಗ್ಗಿಕೊಂಡಿದ್ದರು. ಹೊಸ ಬಗೆಯ ಸಂಗೀತ ಎಂದಮೇಲೆ, ಯಾವುದು ಕಲೆ, ಯಾವುದು ಕೈತಪ್ಪು ಎಂದು ಮೊದಲ ಸಲಕ್ಕೇ ಹೇಳುವ ಧೈರ್ಯ ಯಾರಿಗಿದೆ?

ನನ್ನ ಮಟ್ಟಿಗೆ ಹೇಳುವುದಾದರೆ, ಪೋಸ್ಟ್-ಹಾರ್ಡ್‌ಕೋರ್ ಎಂಬ ಜಾತಿಯ ಹೊಸ ಸಂಗೀತವನ್ನು ಕೇಳಿದ್ದಕ್ಕಿಂತ ಅದರ ಬಗ್ಗೆ ಓದಿದ್ದೇ ಹೆಚ್ಚು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಕ್ಯಾಸೆಟ್ ಅಂಗಡಿಗಳಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಸರಕು ಸಿಗುತ್ತಿತ್ತೇ ಹೊರತು, ಯಾರದೋ ಮನೆಯ ನೆಲಮಾಳಿಗೆಯಲ್ಲಿ ಹುಟ್ಟಿದ ತಂಡಗಳದ್ದು ಸಿಗುತ್ತಿರಲಿಲ್ಲ. ಆದ್ದರಿಂದ ಓದುವುದೊಂದೇ ದಾರಿ. ಅದಕ್ಕೆ ಒದಗಿದ್ದು 'ರಾಕ್ ಸ್ಟ್ರೀಟ್ ಜರ್ನಲ್' ಎಂಬ ಪತ್ರಿಕೆ. ಅದು ಮುಂಬಯಿಯಿಂದಲೋ ಕಲ್ಕತ್ತೆಯಿಂದಲೋ ಹೊರಟಿದ್ದಲ್ಲ. 1993ರಲ್ಲಿ ಅಮಿತ್ ಸೈಗಲ್ ಮತ್ತು ಶೀನಾ ಸೈಗಲ್ ಅದನ್ನು ಶುರುಮಾಡಿದ್ದು ಅಲಹಾಬಾದಿನಲ್ಲಿ. ಪ್ರಯಾಗದಿಂದ ನಮ್ಮ ಕಡೆಗೆ ಅಲ್ಲಿಯವರೆಗೆ ಬರುತ್ತಿದ್ದದ್ದು ಗಂಗಾಜಲದ ತಂಬಿಗೆ. ಅದರ ಹಿಂದೆಯೇ ಎಲೆಕ್ಟ್ರಿಕ್ ಗಿಟಾರಿನ ಸುದ್ದಿಯೂ ಬರತೊಡಗಿತು.

ಆಮೇಲೆ ನಾನೂ ಕೆಲಕಾಲ ಒಂದು ಸಣ್ಣ ಪತ್ರಿಕೆಗೆ ರೆಕಾರ್ಡು ವಿಮರ್ಶೆ ಬರೆದೆ. ಸಂಭಾವನೆ ಎಂದರೆ ವಿಮರ್ಶೆಗೆ ಬಂದ ಸಿ.ಡಿ.ಯೇ. ಚೆನ್ನಾಗಿಲ್ಲ ಎಂದು ಬರೆದರೂ ಅದೇ ಸಂಭಾವನೆ; ಅಂದರೆ ನನ್ನ ಮಾತನ್ನು ನಾನೇ ನಂಬುವುದಾದರೆ ಆ ತಿಂಗಳು ನನಗೆ ಸಿಕ್ಕಿದ್ದು ಏನೂ ಇಲ್ಲ.

ಪೋಸ್ಟ್-ಹಾರ್ಡ್‌ಕೋರ್ ಎಂದರೇನು ಎಂದು ಇಷ್ಟರಲ್ಲಿ ಹೇಳಿಬಿಡಬೇಕು. ಎಪ್ಪತ್ತರ ದಶಕದ ಕೊನೆಗೆ ಅಮೆರಿಕದ ಹುಡುಗರು ಪಂಕ್ ಸಂಗೀತವನ್ನು ಇನ್ನಷ್ಟು ವೇಗಕ್ಕೆ ಏರಿಸಿ ಹಾರ್ಡ್‌ಕೋರ್ ಎಂಬುದನ್ನು ಮಾಡಿದರು. ಹಾಡು ಒಂದೂವರೆ ನಿಮಿಷ, ಅಷ್ಟರಲ್ಲೇ ಗಿಟಾರು, ಡ್ರಮ್ಮು, ಗಂಟಲು ಮೂರೂ ಹರಿದುಹೋಗಬೇಕು. ಎಂಬತ್ತರ ದಶಕದ ನಡುವಿಗೆ ಅದೇ ಹುಡುಗರಿಗೆ ಅದು ಸಾಕಾಯಿತು. ಓಡುವುದನ್ನು ನಿಲ್ಲಿಸಿ ನಡೆಯಲು, ನಡುವೆ ತಟಕ್ಕನೆ ನಿಲ್ಲಲು, ನಿಂತಲ್ಲಿ ಪಿಸುಗುಟ್ಟಲು ಕಲಿತರು. ಕೂಗುವುದನ್ನು ಮಾತ್ರ ಬಿಡಲಿಲ್ಲ. ಮಿನಿಯಾಪೊಲಿಸ್‌ನ ಹಸ್ಕರ್ ಡೂ 1984ರಲ್ಲಿ 'ಜೆನ್ ಆರ್ಕೇಡ್' ಎಂಬ ಎರಡು ತಟ್ಟೆಯ ಆಲ್ಬಮ್ ತಂದಿತು. ಮರುವರ್ಷ ವಾಷಿಂಗ್ಟನ್‌ನ ರೈಟ್ಸ್ ಆಫ್ ಸ್ಪ್ರಿಂಗ್ ತಂಡದವರ ಆಲ್ಬಮ್ ಬಂತು. ಇವರು ಕಛೇರಿ ಕೊಟ್ಟದ್ದು ಕೆಲವೇ ಸಲ. ಆವೇಶದಲ್ಲಿ ವಾದ್ಯಗಳನ್ನೇ ಮುರಿದು ಹಾಕುತ್ತಿದ್ದರು. ಹೊಸದನ್ನು ಕೊಳ್ಳಲು ದುಡ್ಡು ಕೂಡಿಬರಬೇಕಲ್ಲ.

ನಮ್ಮ ಮನೆಯಲ್ಲಿ ರೈಟ್ಸ್ ಆಫ್ ಸ್ಪ್ರಿಂಗ್ ಆಲ್ಬಮ್ಮಿಗೆ ಬಂದ ಮೊದಲ ವಿಮರ್ಶೆ ಅಮ್ಮನದು. ಅವಳು ಹಜಾರದಲ್ಲಿ ಅವರೆಕಾಯಿ ಸುಲಿಯುತ್ತ ಒಂದೆರಡು ಹಾಡು ತಡೆದುಕೊಂಡಳು. ಆಮೇಲೆ ಕೇಳಿದಳು: "ಯಾಕೋ ಆ ಹುಡುಗ ಹಂಗೆ ಬಡ್ಕೋತಾನೆ? ಒಂದ್ ಲೋಟ ಬಿಸಿನೀರು ಕೊಡೋರು ಯಾರೂ ಇಲ್ವೇನೋ ಅಲ್ಲಿ?" ಇಂಗ್ಲಿಷ್ ವಿಮರ್ಶಕರು ಈ ಸಂಗೀತದ ಬಗ್ಗೆ ಬರೆಯುವಾಗ ಪ್ರತಿಯೊಂದು ಗಿಟಾರನ್ನೂ 'ಆಂಗ್ಯುಲರ್' ಎನ್ನುತ್ತಾರೆ. ಎಷ್ಟು ಡಿಗ್ರಿಯ ಕೋನ ಎಂದು ಈವರೆಗೆ ಯಾರೂ ಹೇಳಿಲ್ಲ. ಅದರ ಮುಂದೆ ಅಮ್ಮನ ಮಾತಿನಲ್ಲಿ ಕಾಳಜಿ ಇತ್ತು, ಕೇಳುವ ಕಿವಿಯೂ ಇತ್ತು. ಹುಡುಗ ಕಷ್ಟದಲ್ಲಿದ್ದಾನೆ ಎಂಬುದು ಅವಳಿಗೆ ಭಾಷೆ ಬಾರದೆಯೇ ತಿಳಿದಿತ್ತು. ಹಾಡಿನ ವಿಷಯವೂ ಅಷ್ಟೇ ತಾನೆ.

ವಿಮರ್ಶಕರ ಇನ್ನೊಂದು ಚಾಳಿ ಒಳಪಂಗಡ ಹುಡುಕುವುದು. ಎಮೊ, ಸ್ಕ್ರೀಮೊ, ಮ್ಯಾತ್ ರಾಕ್, ಸ್ಲೋಕೋರ್, ಪೋಸ್ಟ್-ರಾಕ್. ಮದುವೆ ಛತ್ರದಲ್ಲಿ ಪಕ್ಕಕ್ಕೆ ಬಂದು ಕೂತು, ಹೆಸರು ಕೇಳುವ ಮೊದಲೇ ಗೋತ್ರ ಸೂತ್ರ ಪ್ರವರ ಕೇಳುವ ಹಿರಿಯರಂತೆ ಇವರು. ತಾಯಿಯ ಕಡೆಯಿಂದ ಸಾನಿಕ್ ಯೂತ್, ತಂದೆಯ ಕಡೆಯಿಂದ ಫುಗಾಝಿ, ಸೋದರತ್ತೆಯನ್ನು ಚಿಕಾಗೋಗೆ ಕೊಟ್ಟಿದೆ ಎಂದು ಬರೆದು ಮುಗಿಸಿದರೆ ಅರ್ಧ ಪುಟ ತುಂಬುತ್ತದೆ. ಆಲ್ಬಮ್ ಕೇಳುವ ತೊಂದರೆಯೂ ತಪ್ಪುತ್ತದೆ. ತಮಾಷೆಯೆಂದರೆ ಈ ಗೋತ್ರಗಳನ್ನು ಮೂಲಪುರುಷರೇ ಒಪ್ಪುವುದಿಲ್ಲ. ರೈಟ್ಸ್ ಆಫ್ ಸ್ಪ್ರಿಂಗ್‌ನ ಗೈ ಪಿಚಿಯಾಟೊ ಅವರನ್ನು ಎಮೊದ ಜನಕ ಎಂದು ಎಲ್ಲರೂ ಬರೆದರು. ಅವರು ಆ ಪಟ್ಟವನ್ನು ಇವತ್ತಿಗೂ ಒಪ್ಪಿಕೊಂಡಿಲ್ಲ. ಅವರ ಗೆಳೆಯ ಇಯನ್ ಮೆಕೇ ಎಂಬತ್ತರ ದಶಕದಲ್ಲೇ ವೇದಿಕೆಯ ಮೇಲೆ ನಿಂತು ಆ ಹೆಸರನ್ನು ಲೇವಡಿ ಮಾಡಿದ್ದರು.

ಈ ಮೆಕೇ ಮತ್ತು ಪಿಚಿಯಾಟೊ, ಜೋ ಲಾಲಿ ಹಾಗೂ ಬ್ರೆಂಡನ್ ಕ್ಯಾಂಟಿ ಜೊತೆಗೂಡಿದ ತಂಡವೇ ಫುಗಾಝಿ. ವಿಮರ್ಶಕನಿಗೆ ಇದಕ್ಕಿಂತ ಕಷ್ಟದ ಗಿರಾಕಿ ಇನ್ನೊಬ್ಬ ಇಲ್ಲ. ವಿಮರ್ಶಕ ಎಷ್ಟೇ ಪಂಡಿತನಾದರೂ ಅಂಗಡಿಯ ಬಾಗಿಲಲ್ಲಿ ನಿಂತು 'ಕೊಳ್ಳಿ', 'ಬೇಡ ಬಿಡಿ' ಎನ್ನುವ ಮನುಷ್ಯ ತಾನೆ. ಫುಗಾಝಿಯವರೋ ಮಾರುವುದಕ್ಕೇ ಸಂಕೋಚಪಡುತ್ತಿದ್ದವರು. ಕಛೇರಿಯ ಟಿಕೆಟ್ಟು ಐದು ಡಾಲರಿನ ಆಸುಪಾಸು ದಾಟಬಾರದು, ಎಲ್ಲ ವಯಸ್ಸಿನವರಿಗೂ ಪ್ರವೇಶ ಇರಬೇಕು ಎಂಬುದು ಅವರ ಹಟವಾಗಿತ್ತು. ಟೀಶರ್ಟ್ ಮಾರುತ್ತಿರಲಿಲ್ಲ. ಯಾರೋ ಚತುರರು 'ಇದು ಫುಗಾಝಿ ಟೀಶರ್ಟ್ ಅಲ್ಲ' ಎಂದು ಅಚ್ಚು ಹಾಕಿದ ಟೀಶರ್ಟ್ ಮಾರಿ ದುಡ್ಡು ಮಾಡಿಕೊಂಡರು. ಸಭಿಕರಲ್ಲಿ ಯಾರಾದರೂ ಪಕ್ಕದವರನ್ನು ಗುದ್ದಿ ಒದ್ದು ಮಾಡಿದರೆ ಮೆಕೇ ಹಾಡು ನಿಲ್ಲಿಸಿ, ಮೇಷ್ಟರ ದನಿಯಲ್ಲಿ ಗದರಿಸಿ, ಅವರ ಐದು ಡಾಲರನ್ನು ಅವರ ಕೈಗೇ ಕೊಟ್ಟು ಹೊರಗೆ ಕಳಿಸುತ್ತಿದ್ದರು. ಕೇಳುಗನಿಗೇ ವಿಮರ್ಶೆ! ಅದೂ ಹಣ ವಾಪಸ್ ಸಮೇತ.

ಮೆಕೇ ಮತ್ತು ಜೆಫ್ ನೆಲ್ಸನ್ 1980ರಲ್ಲಿ ಕಟ್ಟಿದ ಡಿಸ್ಕಾರ್ಡ್ ಎಂಬ ಕಂಪನಿ ತನ್ನ ರೆಕಾರ್ಡುಗಳ ಹೊದಿಕೆಯ ಮೇಲೇ ಅಂಚೆ ವೆಚ್ಚ ಸೇರಿದ ಬೆಲೆಯನ್ನೂ ತನ್ನ ವಿಳಾಸವನ್ನೂ ಅಚ್ಚು ಹಾಕುತ್ತಿತ್ತು. ಅಂಗಡಿಯವನು ಹೆಚ್ಚಿಗೆ ಕೇಳಿದರೆ ನೇರವಾಗಿ ನಮಗೇ ಬರೆಯಿರಿ ಎಂದರ್ಥ. ಈ ವಿಳಾಸದ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು. ನನ್ನ ಪ್ರಕಾರ ವಿಮರ್ಶೆಯ ಸಾರವೆಲ್ಲ ಅಲ್ಲೇ ಇದೆ.

ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ 1982ರಲ್ಲಿ ಹೊರಟ 'ಮ್ಯಾಕ್ಸಿಮಮ್ ರಾಕ್‌ನ್‌ರೋಲ್' ಪತ್ರಿಕೆ 2019ರವರೆಗೂ ಅಚ್ಚಾಗುತ್ತಿತ್ತು. ಅಗ್ಗದ ನ್ಯೂಸ್‌ಪ್ರಿಂಟ್ ಕಾಗದ, ಓದಿ ಮುಗಿಸುವಷ್ಟರಲ್ಲಿ ಬೆರಳಿಗೆಲ್ಲ ಮಸಿ. ಹಿಂದಿನ ಪುಟಗಳಲ್ಲಿ ಸಾಲು ಸಾಲಾಗಿ ವಿಮರ್ಶೆಗಳು, ಒಂದೊಂದೂ ನಾಲ್ಕೈದು ಸಾಲು. ತಂಡದ ಹೆಸರು, ಎಷ್ಟು ಹಾಡು, ವೇಗವೋ ನಿಧಾನವೋ, ಯಾರ ಥರ ಕೂಗುತ್ತಾರೆ, ಕೊನೆಗೆ ಕಂಪನಿಯ ವಿಳಾಸ. ಓದುಗ ಒಂದೆರಡು ನೋಟುಗಳನ್ನು ದಪ್ಪ ಕಾಗದದಲ್ಲಿ ಮಡಿಸಿ, ಹೊರಗೆ ಕಾಣದಂತೆ ಲಕೋಟೆಗೆ ಹಾಕಿ, ದೇವರ ಮೇಲೆ ಭಾರ ಹಾಕಿ ಪೋಸ್ಟ್ ಮಾಡುತ್ತಿದ್ದ. ವಾರಗಳ ಮೇಲೆ ರೆಕಾರ್ಡು ಬಂದರೆ ಬಂತು. ವಿಮರ್ಶಕನ ಅಭಿಪ್ರಾಯ ತಪ್ಪಿರಬಹುದು, ಕಿವಿ ಕೆಟ್ಟಿರಬಹುದು, ತಂಡದವರ ಮೇಲೆ ಹಳೆಯ ಹಗೆ ಇರಬಹುದು. ವಿಳಾಸ ಸರಿಯಾಗಿದ್ದರೆ ಸಾಕು, ಉಳಿದದ್ದನ್ನು ಓದುಗನ ಕಿವಿಯೇ ತೀರ್ಮಾನಿಸುತ್ತಿತ್ತು.

ಕ್ಯಾಲಿಫೋರ್ನಿಯಾದ 'ಹಾರ್ಟ್ ಅಟ್ಯಾಕ್' ಎಂಬ ಇನ್ನೊಂದು ಪತ್ರಿಕೆಯ ಮಡಿ ಇದಕ್ಕಿಂತ ಒಂದು ತೂಕ ಹೆಚ್ಚು. ಹೊದಿಕೆಯ ಮೇಲೆ ಬಾರ್‌ಕೋಡ್ ಇರುವ ಯಾವ ರೆಕಾರ್ಡನ್ನೂ ಅದು ವಿಮರ್ಶೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಬಾರ್‌ಕೋಡ್ ಎಂದರೆ ದೊಡ್ಡ ಅಂಗಡಿಗೆ ಹೊರಟ ಮಾಲು ಎಂಬ ಲೆಕ್ಕ. ವಿಮರ್ಶಕನಿಗೆ ಎಂಥ ಅನುಕೂಲ ನೋಡಿ: ಹೊದಿಕೆ ತಿರುಗಿಸಿ ಕಪ್ಪು ಗೆರೆಗಳನ್ನು ಹುಡುಕಿದರೆ ಅರ್ಧ ಕೆಲಸ ಮುಗಿಯಿತು, ಕಿವಿಗೆ ರಜೆ. ನಗು ಬಂದರೂ ಆ ಹಟ ನನಗೆ ಇಷ್ಟ. ಯಾವುದನ್ನು ವಿಮರ್ಶಿಸುವುದಿಲ್ಲ ಎಂದು ಮೊದಲೇ ಹೇಳಿಬಿಡುವ ಪತ್ರಿಕೆಯನ್ನು ನಂಬಬಹುದು.

ಇಷ್ಟು ಸಣ್ಣ ಜಗತ್ತಿನಲ್ಲಿ ವಿಮರ್ಶಕ ಬೇರೆ, ಕಲಾವಿದ ಬೇರೆ ಎಂದು ಇರುವುದಕ್ಕೆ ಸಾಧ್ಯವೇ ಇಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿ ಸ್ಲಿಂಟ್. ಕೆಂಟಕಿ ರಾಜ್ಯದ ಲೂಯಿವಿಲ್‌ನ ಈ ಹುಡುಗರು ಇಪ್ಪತ್ತರ ಆಸುಪಾಸಿನಲ್ಲಿ 'ಸ್ಪೈಡರ್‌ಲ್ಯಾಂಡ್' ಎಂಬ ಆಲ್ಬಮ್ಮನ್ನು ನಾಲ್ಕು ದಿನದಲ್ಲಿ ಮುದ್ರಿಸಿದರು. ಆರು ಹಾಡು. ಅದು 1991ರಲ್ಲಿ ಅಂಗಡಿಗೆ ಬರುವ ಹೊತ್ತಿಗೆ ತಂಡವೇ ಒಡೆದುಹೋಗಿತ್ತು. ಹೊದಿಕೆಯ ಮೇಲೆ ಕಪ್ಪುಬಿಳುಪು ಚಿತ್ರ: ನೀರಿನಿಂದ ಮೇಲೆದ್ದ ನಾಲ್ಕು ತಲೆಗಳು. ಹಾಡುಗಾರಿಕೆಗೆ ಆಸಕ್ತಿಯಿರುವ ಹೆಂಗಸರು ಬರೆಯಬಹುದು ಎಂಬ ಒಂದು ಸಾಲೂ ಹೊದಿಕೆಯ ಮೇಲಿತ್ತು, ವಿಳಾಸದ ಸಮೇತ. ಒಳಗಿನ ಸಂಗೀತವೋ ಬಹುಪಾಲು ಮಾತು. ಪಕ್ಕದ ಕೋಣೆಯಲ್ಲಿ ಯಾರೋ ತನ್ನಷ್ಟಕ್ಕೆ ಕಥೆ ಹೇಳಿಕೊಳ್ಳುತ್ತಿರುವಷ್ಟು ಮೆಲುದನಿ. ಆಮೇಲೆ ಗಿಟಾರುಗಳು ಎದ್ದು ಬರುತ್ತವೆ. ಕೊನೆಯ ಹಾಡಿನ ಕೊನೆಯಲ್ಲಿ ಗಾಯಕ ಬ್ರಯನ್ ಮೆಕ್‌ಮಹನ್ ಗಿಟಾರಿನ ಮೇಲುಗಡೆ ಎಷ್ಟು ಜೋರಾಗಿ ಕೂಗಿದರೆಂದರೆ ಮುದ್ರಣ ಮುಗಿದ ಮೇಲೆ ಮೈ ಹುಷಾರು ತಪ್ಪಿತು. ಬಿಸಿನೀರು ಕೊಡುವವರು ಅಲ್ಲಿಯೂ ಇರಲಿಲ್ಲ.

ಹೆಚ್ಚು ಜನ ಗಮನಿಸದ ಆ ಆಲ್ಬಮ್ಮನ್ನು ಮೆಲೊಡಿ ಮೇಕರ್ ಪತ್ರಿಕೆಯಲ್ಲಿ ವಿಮರ್ಶಿಸಿದವರು ಸ್ಟೀವ್ ಆಲ್ಬಿನಿ. ಕೊಟ್ಟದ್ದು ಹತ್ತು ನಕ್ಷತ್ರ, ಜೊತೆಗೆ ಇಲ್ಲಿ ಅಚ್ಚು ಹಾಕಲಾಗದ ಒಂದು ವಿಶೇಷಣ. ಇನ್ನು ಹತ್ತು ವರ್ಷಕ್ಕೆ ಇದು ಮೈಲಿಗಲ್ಲಾಗುತ್ತದೆ, ಆಗ ಪ್ರತಿಗಾಗಿ ಪರದಾಡುತ್ತೀರಿ ಎಂದೂ ಬರೆದರು. ಹಾಗೇ ಆಯಿತು. ಆದರೆ ಒಂದು ಒಳಸುದ್ದಿ: ಸ್ಲಿಂಟ್‌ನ ಮೊದಲ ಆಲ್ಬಮ್ 'ಟ್ವೀಜ್' ಅನ್ನು ಮುದ್ರಿಸಿಕೊಟ್ಟವರು ಇದೇ ಆಲ್ಬಿನಿ. ಪತ್ರಿಕೋದ್ಯಮದ ಪಾಠದ ಪ್ರಕಾರ ಇದು ಹಿತಾಸಕ್ತಿಯ ಘರ್ಷಣೆ. ನಮ್ಮ ಸಾಹಿತ್ಯಲೋಕದಲ್ಲಿ ಇದಕ್ಕೆ ಮುನ್ನುಡಿ ಎನ್ನುತ್ತಾರೆ, ಯಾರೂ ಬೇಸರಿಸುವುದಿಲ್ಲ.

ಬೆಂಗಳೂರಿನಲ್ಲಿ ನಾನು ಬರೆಯುತ್ತಿದ್ದಾಗಲೂ ಇದೇ ಕಥೆ. ರಾಕ್ ಸಂಗೀತದ ಕಛೇರಿಗೆ ಬರುವವರಲ್ಲಿ ಅರ್ಧ ಜನ ಮುಂದಿನ ತಂಡದವರು, ಉಳಿದರ್ಧ ಹಿಂದಿನ ತಂಡದವರು. ಡ್ರಮ್ಮಿನವನಿಗೆ ತಾಳ ನಿಲ್ಲುವುದಿಲ್ಲ ಎಂದು ಶನಿವಾರ ಬರೆದರೆ ಭಾನುವಾರ ಬೆಳಿಗ್ಗೆ ದರ್ಶಿನಿಯಲ್ಲಿ ಅವನೇ ಎದುರಿಗೆ ನಿಂತು ಇಡ್ಲಿ ತಿನ್ನುತ್ತಿರುತ್ತಾನೆ. "ಓದಿದೆ ಗುರು," ಎನ್ನುತ್ತಾನೆ. ಅಷ್ಟೇ. ಮುಂದಿನ ಮಾತಿಲ್ಲ, ಚಟ್ನಿಯ ಕಡೆಗೇ ನೋಟ. ಇದರಿಂದ ನನ್ನ ಗದ್ಯದಲ್ಲಿ 'ಪ್ರಯತ್ನ ಶ್ಲಾಘನೀಯ' ಎಂಬ ಮಾತು ಅಗತ್ಯಕ್ಕಿಂತ ಹೆಚ್ಚು ಸಲ ಕಾಣಿಸಿಕೊಂಡಿತು.

ಈಗ ಅಂಕಗಳ ವಿಷಯ. ನ್ಯೂಯಾರ್ಕಿನ ರಾಬರ್ಟ್ ಕ್ರಿಸ್ಟ್‌ಗೌ 1969ರಿಂದಲೇ ಆಲ್ಬಮ್ಮುಗಳಿಗೆ ಎ, ಬಿ, ಸಿ ಎಂದು ಗ್ರೇಡು ಕೊಡುತ್ತ ಬಂದವರು. ಅದೂ ಒಂದೇ ಪ್ಯಾರಾದಲ್ಲಿ, ಒಂದು ಪದ ಹೆಚ್ಚಿಲ್ಲದಂತೆ. ಇದರಿಂದ ಸಿಟ್ಟಾದ ಗಾಯಕ ಲೂ ರೀಡ್ 1978ರ ತನ್ನ ಲೈವ್ ಆಲ್ಬಮ್ಮಿನಲ್ಲಿ ವೇದಿಕೆಯ ಮೇಲಿಂದಲೇ ಕ್ರಿಸ್ಟ್‌ಗೌ ಅವರಿಗೆ ಹಿಗ್ಗಾಮುಗ್ಗಾ ಬೈದ. ಬೈಗುಳ ತುಂಬಿದ ಆ ಆಲ್ಬಮ್ ವಿಮರ್ಶೆಗೆ ಹೋದದ್ದೂ ಅವರ ಬಳಿಗೇ. ತನ್ನ ಹೆಸರನ್ನು ಸರಿಯಾಗಿ ಉಚ್ಚರಿಸಿದ್ದಕ್ಕೆ ಕೃತಜ್ಞತೆ ಹೇಳಿ, ಸಿ ಪ್ಲಸ್ ಕೊಟ್ಟರು. ವಿಮರ್ಶಕನಿಗೆ ಇರಬೇಕಾದ ಸಮಚಿತ್ತ ಇದು.

ತೊಂಬತ್ತರ ದಶಕದಲ್ಲಿ ಹುಟ್ಟಿದ ಜಾಲಪತ್ರಿಕೆ ಪಿಚ್‌ಫೋರ್ಕ್ ಇನ್ನೂ ಮುಂದೆ ಹೋಗಿ ದಶಮಾಂಶ ಪದ್ಧತಿ ತಂದಿತು. ಸೊನ್ನೆಯಿಂದ ಹತ್ತರವರೆಗೆ, ನಡುವೆ ಒಂದೊಂದು ದಶಮಾಂಶ. 7.8ಕ್ಕೂ 7.9ಕ್ಕೂ ನಡುವೆ ಇರುವ ಆ ಒಂದು ದಶಮಾಂಶ ಹಾಡಿನ ಯಾವ ಜಾಗದಲ್ಲಿ ಉದುರಿತು ಎಂದು ತಿಳಿಯುವ ಕುತೂಹಲ ನನಗಿದೆ. ವಾಷಿಂಗ್ಟನ್‌ನ ಡಿಸ್ಮೆಂಬರ್‌ಮೆಂಟ್ ಪ್ಲಾನ್ ಎಂಬ ತಂಡದ 1999ರ 'ಎಮರ್ಜೆನ್ಸಿ ಅಂಡ್ ಐ' ಆಲ್ಬಮ್ಮಿಗೆ 9.6 ಬಂತು. ತಂಡ ಚದುರಿದ ಮೇಲೆ ಅದರ ಗಾಯಕ ಟ್ರಾವಿಸ್ ಮಾರಿಸನ್ 2004ರಲ್ಲಿ ಒಬ್ಬರೇ 'ಟ್ರಾವಿಸ್ಟಾನ್' ತಂದಾಗ ಬಂದದ್ದು 0.0. ಅದೇ ಮನುಷ್ಯ, ಅದೇ ಗಂಟಲು. ಅಲ್ಲಿಯವರೆಗೆ ನಮ್ಮ ಹುಡುಗ ಎನ್ನುತ್ತಿದ್ದ ಜನ ರಾತ್ರಿ ಬೆಳಗಾಗುವುದರಲ್ಲಿ ಬೇರೆ ಥರ ನೋಡತೊಡಗಿದರು ಎಂದು ಅವರೇ ಮುಂದೆ ಹೇಳಿಕೊಂಡರು. ಆಮೇಲೆ ಅವರು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಪ್ರೋಗ್ರಾಮರ್ ಆಗಿ ಕೆಲಸಕ್ಕೆ ಸೇರಿದರು. ನಾನು 'ಟ್ರಾವಿಸ್ಟಾನ್' ಕೇಳಿದ್ದೇನೆ. ದೊಡ್ಡ ಕೃತಿಯೇನಲ್ಲ, ಕೆಲವೆಡೆ ಪೆದ್ದುಪೆದ್ದಾಗಿದೆ. ಆದರೆ ಸೊನ್ನೆ ಎಂದರೆ ಉತ್ತರಪತ್ರಿಕೆಯಲ್ಲಿ ಏನೂ ಬರೆದಿಲ್ಲ ಎಂದರ್ಥ ತಾನೆ? ಈತ ಬರೆದಿದ್ದ.

ಜೆಟ್ ಎಂಬ ಆಸ್ಟ್ರೇಲಿಯದ ತಂಡಕ್ಕೆ 2006ರಲ್ಲಿ ಸೊನ್ನೆ ಕೊಟ್ಟಾಗ ಪಿಚ್‌ಫೋರ್ಕ್ ಒಂದು ಪದವನ್ನೂ ಬರೆಯಲಿಲ್ಲ. ವಿಮರ್ಶೆಯ ಜಾಗದಲ್ಲಿ ಇದ್ದದ್ದು ಮಂಗವೊಂದು ತನ್ನ ಮೂತ್ರವನ್ನು ತಾನೇ ಕುಡಿಯುವ ವೀಡಿಯೊ. ಮಂಗನಿಗೆ ಸಂಭಾವನೆಯಾಗಿ ಸಿ.ಡಿ. ಕೊಟ್ಟರೋ ಹೇಗೋ. ಕೊನೆಗೆ 2021ರಲ್ಲಿ ಮರುಮೌಲ್ಯಮಾಪನವೂ ನಡೆಯಿತು! ತಾವೇ ಕೊಟ್ಟ ಹಳೆಯ ಅಂಕಗಳನ್ನು ಪತ್ರಿಕೆಯವರು ತಿದ್ದಿದರು. 2003ರಲ್ಲಿ ಸೊನ್ನೆ ಪಡೆದಿದ್ದ ಗಾಯಕಿ ಲಿಜ್ ಫೇರ್ 6.0ಕ್ಕೆ ಏರಿ ಪಾಸಾದರು; 9.5ರಲ್ಲಿ ಮೆರೆದಿದ್ದ ಇಂಟರ್‌ಪೋಲ್ ತಂಡ 7.0ಕ್ಕೆ ಇಳಿಯಿತು. ಅಷ್ಟು ವರ್ಷ ಆ ಹಾಡುಗಳು ತಾವು ಇದ್ದ ಹಾಗೇ ಇದ್ದವು.

ಇಷ್ಟಕ್ಕೂ, ಮಾಡಿದವರಿಗೇ ತಮ್ಮ ಸಂಗೀತ ಒಂದು ವಾರದಲ್ಲಿ ಅರ್ಥವಾಗುವುದಿಲ್ಲ. ಫುಗಾಝಿಯವರು 'ಇನ್ ಆನ್ ದ ಕಿಲ್ ಟೇಕರ್' ಆಲ್ಬಮ್ಮನ್ನು ಮೊದಲು ಚಿಕಾಗೋಗೆ ಹೋಗಿ ಇದೇ ಆಲ್ಬಿನಿಯವರ ಬಳಿ ಮುದ್ರಿಸಿದರು. ಸ್ಟುಡಿಯೊದಲ್ಲಿ ಎಲ್ಲರಿಗೂ ಭಾರಿ ಖುಷಿ. ಊರಿಗೆ ಬಂದು ತಣ್ಣಗೆ ಕೂತು ಕೇಳಿದರೆ ಸಪ್ಪೆ. ಮತ್ತೆ ಮನೆಯ ಹತ್ತಿರದ ಇನ್ನರ್ ಇಯರ್ ಸ್ಟುಡಿಯೊದಲ್ಲಿ ಮೊದಲಿಂದ ಮುದ್ರಿಸಿ 1993ರಲ್ಲಿ ಹೊರತಂದರು. ಸ್ವೀಡನ್ನಿನ ಉಮೆಯೊ ಊರಿನ ರೆಫ್ಯೂಸ್ಡ್ ತಂಡದ ಕಥೆ ಇನ್ನೂ ದೊಡ್ಡದು. 1998ರಲ್ಲಿ 'ದ ಶೇಪ್ ಆಫ್ ಪಂಕ್ ಟು ಕಮ್' ಎಂದು, ಪಂಕ್ ಸಂಗೀತದ ಭವಿಷ್ಯವೇ ಇದು ಎಂಬ ಹೆಸರಿಟ್ಟು ಆಲ್ಬಮ್ ತಂದರು. ಆರ್ನೆಟ್ ಕೋಲ್ಮನ್ ಅವರ 1959ರ ಜಾಝ್ ಆಲ್ಬಮ್ಮಿನಿಂದ ಎರವಲು ಪಡೆದ ಹೆಸರು. ಆ ಭವಿಷ್ಯಕ್ಕೆ ಆಗ ಗಿರಾಕಿಗಳೇ ಇರಲಿಲ್ಲ. ಅದೇ ವರ್ಷ ಅಮೆರಿಕದ ಹ್ಯಾರಿಸನ್‌ಬರ್ಗ್ ಎಂಬ ಊರಿನ ಒಂದು ನೆಲಮಾಳಿಗೆಯಲ್ಲಿ ಕೆಲವು ಹಾಡು ಹಾಡುವಷ್ಟರಲ್ಲಿ ಪೊಲೀಸರು ಬಂದು ನಿಲ್ಲಿಸಿದರು, ತಂಡ ಮುಗಿಯಿತು. ಇನ್ನೆಂದೂ ಒಟ್ಟಿಗೆ ನುಡಿಸುವುದಿಲ್ಲ ಎಂದು ಘೋಷಣಾಪತ್ರ ಹೊರಡಿಸಿದರು. ಮುಂದಿನ ವರ್ಷಗಳಲ್ಲಿ ಆ ಆಲ್ಬಮ್ಮನ್ನು ಎಲ್ಲರೂ ಮಹತ್ಕೃತಿ ಎಂದರು, 2012ರಲ್ಲಿ ಅವರು ಮತ್ತೆ ಒಟ್ಟಿಗೆ ನುಡಿಸಿಯೂ ನುಡಿಸಿದರು. ಘೋಷಣಾಪತ್ರವನ್ನು ವಿಮರ್ಶಿಸಿದವರು ಯಾರೂ ಇಲ್ಲ.

ಹೀಗಾಗಿ ನನ್ನದೊಂದು ಕೋರಿಕೆ. ನಿಮ್ಮ ಬೀದಿಯಲ್ಲಿ, ನಿಮ್ಮ ಮಗನ ಕಾಲೇಜಿನಲ್ಲಿ, ಮೇಲಿನ ಮನೆಯ ಬಾಡಿಗೆ ಕೋಣೆಯಲ್ಲಿ ನಾಲ್ಕು ಹುಡುಗ ಹುಡುಗಿಯರು ಸೇರಿ ತಾವೇ ಒಂದು ಆಲ್ಬಮ್ ಮಾಡಿದರೆ ಅದರ ಬಗ್ಗೆ ಎಲ್ಲಾದರೂ ನಾಲ್ಕು ಸಾಲು ಬರೆಯಿರಿ. ಕೊನೆಯವರೆಗೂ ಕೇಳಿ ಬರೆಯಿರಿ. ಎಷ್ಟು ಹಾಡು, ಎಷ್ಟು ನಿಮಿಷ, ಯಾರು ಕೂಗುತ್ತಾರೆ, ಯಾವುದಕ್ಕೆ ಕೂಗುತ್ತಾರೆ, ಎಷ್ಟು ರೂಪಾಯಿ, ಎಲ್ಲಿ ಸಿಗುತ್ತದೆ. ಅಂಕ ಬೇಡ. ಕೊಡದಿದ್ದರೆ ನಿದ್ದೆ ಬರುವುದಿಲ್ಲ ಎನ್ನುವುದಾದರೆ ಆಲ್ಬಿನಿಯವರ ಹಾಗೆ ಹತ್ತಕ್ಕೆ ಹತ್ತು ಕೊಟ್ಟುಬಿಡಿ. ವಿಳಾಸ ಮಾತ್ರ ಮರೆಯಬೇಡಿ.